ನೀರಿಲ್ಲದ ಕಡಲಿಗೆ ಯಾವ ಹುಟ್ಟು?



ದೋಣಿ ಮುಂದೆ ಸಾಗುವುದು ಹೇಗೆಂದು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ, ಹಂಗಾರಕಟ್ಟೆಯ ಕಡವಿನಲ್ಲಿ, ಬೈಂದೂರಿನ ಕಡಲತಡಿಯಲ್ಲಿ ಈ ವಿದ್ಯೆಯ ಎಲ್ಲ ಅವಸ್ಥೆಗಳನ್ನೂ ನನ್ನ ಪ್ರಾಯದವರು ಕಂಡಿದ್ದಾರೆ. ಆಳವಿಲ್ಲದೆಡೆ ಬಿದಿರ ಗಳ ಊರಿ ನೆಲವನ್ನು ಒತ್ತುವುದು, ಆಳದಲ್ಲಿ ಹುಟ್ಟು ಹಾಕಿ ನೀರನ್ನು ಹಿಂದಕ್ಕೆ ತಳ್ಳುವುದು, ಗಾಳಿ ಒದಗಿದರೆ ಹಾಯಿ ಬಿಚ್ಚುವುದು, ಕಡೆಗೆ ಬಂದ ಎಂಜಿನ್ನು. ಇವೆಲ್ಲಕ್ಕೂ ಆಧಾರವಾಗಿ ನೆಲವೋ ನೀರೋ ಗಾಳಿಯೋ ಇದ್ದೇ ಇದೆ. ಈ ಮೂರೂ ಇಲ್ಲದ ಕಡೆ ನೌಕೆ ನಡೆಯುವುದೆಂತು? ನಾನು ಈ ಹೊತ್ತು ಮಾತನಾಡಹೊರಟಿರುವುದು ಅದನ್ನು ಕುರಿತು.

ಕನ್ನಡ ಎಂ.ಎ. ಮಾಡಿ, ಪಂಪ ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದವನಿಗೆ ಅಂತರಿಕ್ಷನೌಕೆಯ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಬ್ರಹ್ಮಾವರಕ್ಕೂ ಕುಂದಾಪುರಕ್ಕೂ ನಡುವಣ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾದಂಬರಿಗಳ ಜೊತೆಯಲ್ಲಿಯೇ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದವರು. ಇದೇ ಉಡುಪಿ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾಯರು 1975ರಲ್ಲಿ ಮೇಲೇರಿದ ‘ಆರ್ಯಭಟ’ ಉಪಗ್ರಹದ ನಿರ್ಮಾಣಕ್ಕೆ ನಾಯಕರಾದವರು. ಈ ನೆಲದವನಿಗೆ ಅಷ್ಟರಮಟ್ಟಿನ ಅಧಿಕಾರ ಉಂಟೆಂದು ನನ್ನ ಭಾವನೆ.

ಕೋಟೇಶ್ವರದ ಕೊಡಿ ಹಬ್ಬದಲ್ಲಿ ಬಾಣಬಿರುಸು ಮೇಲೇರುವುದನ್ನು ಕಂಡವರು, ಅದು ತನ್ನ ಬೆನ್ನ ಹಿಂದಿನ ಗಾಳಿಯನ್ನು ಒತ್ತಿಕೊಂಡು ಏರುತ್ತದೆಂದು ಎಣಿಸುವುದುಂಟು. ಬಲ್ಲವರೂ ಹಾಗೆಣಿಸಿದ್ದಾರೆ. ಬರಿದಾದ ಆಕಾಶದಲ್ಲಿಯೂ ರಾಕೆಟ್ಟು ಚಲಿಸಬಲ್ಲುದೆಂದ ಅಮೆರಿಕದ ಗೊಡಾರ್ಡರನ್ನು 1920ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಲೇವಡಿ ಮಾಡಿತ್ತು. 1969ರ ಜುಲೈಯಲ್ಲಿ ಮನುಷ್ಯರು ಚಂದ್ರನತ್ತ ಹೊರಟ ಮರುದಿನ ಅದೇ ಪತ್ರಿಕೆ ವಿಷಾದ ಸೂಚಿಸಿತು. ಆ ಹೊತ್ತಿಗೆ ಗೊಡಾರ್ಡರು ಕಾಲವಾಗಿ ಇಪ್ಪತ್ತನಾಲ್ಕು ವರ್ಷಗಳಾಗಿದ್ದವು!

ನಿಂತ ನೀರಿನಲ್ಲಿ ಹುಟ್ಟಿಲ್ಲದ ದೋಣಿಯೊಂದಿದೆ, ಅದರ ತುಂಬ ತೆಂಗಿನಕಾಯಿಗಳಿವೆ ಎನ್ನಿ. ಹಿಂಬದಿಗೆ ಒಂದು ಕಾಯಿಯನ್ನು ಬಲವಾಗಿ ಎಸೆದರೆ ದೋಣಿ ತುಸು ಮುಂದೆ ಸರಿಯುತ್ತದೆ. ಅಂತರಿಕ್ಷದಲ್ಲಿ ಉಳಿದಿರುವುದು ಇದೊಂದೇ ಉಪಾಯ: ತಂದುದನ್ನು ಹಿಂದಕ್ಕೆ ಎಸೆಯುವುದು. ಹೆಚ್ಚು ದೂರ ಹೋಗಬೇಕಾದರೆ ಹೆಚ್ಚು ಕಾಯಿಗಳನ್ನು ಹೇರಿಕೊಳ್ಳಬೇಕು. ಇಲ್ಲವೇ ಇದ್ದುದನ್ನೇ ಹೆಚ್ಚು ವೇಗದಿಂದ ಎಸೆಯಬೇಕು. ಇಂಧನವನ್ನು ಉರಿಸಿ ಎಸೆಯುವ ರಾಕೆಟ್ಟುಗಳ ವೇಗಕ್ಕೆ ಮಿತಿಯುಂಟು; ಉರಿಯಲ್ಲಿ ಅಡಗಿರುವ ಶಕ್ತಿಯೇ ಅಷ್ಟು. ಸೆಕೆಂಡಿಗೆ ಸುಮಾರು ನಾಲ್ಕೂವರೆ ಕಿಲೋಮೀಟರಿನಲ್ಲಿ ಅದರ ಆಟ ಮುಗಿಯುತ್ತದೆ.

ಇದರ ಫಲವನ್ನು ನಾವೆಲ್ಲರೂ ಅನುಭವಿಸುತ್ತಿದ್ದೇವೆ. ದೂರದರ್ಶನ, ದೂರವಾಣಿಗಳ ಸಂದೇಶ ಹೊರುವ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಬೇಕು. ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಹೊರಡುವಾಗಿನ ಅದರ ಭಾರದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇಂಧನವೇ. ಅಲ್ಲಿ ನಿಂತ ಮೇಲೂ ಸೂರ್ಯಚಂದ್ರರ ಎಳೆತಕ್ಕೆ ಅದು ಓಲಾಡುತ್ತದೆ. ಆಗಾಗ ನೂಕಿ ಸರಿಪಡಿಸಬೇಕು. ಇಂಧನ ತೀರಿದ ದಿನ, ಉಪಕರಣಗಳೆಲ್ಲ ಗಟ್ಟಿಯಾಗಿದ್ದರೂ, ಉಪಗ್ರಹದ ಆಯುಷ್ಯ ಮುಗಿಯಿತು. 4,700 ಕಿಲೋಗ್ರಾಂ ತೂಕದ ನಮ್ಮ ಜಿಸ್ಯಾಟ್-ಎನ್2 ಉಪಗ್ರಹವನ್ನು 2024ರ ನವೆಂಬರಿನಲ್ಲಿ ಅಮೆರಿಕದ ಫಾಲ್ಕನ್-9 ವಾಹನದಲ್ಲಿ ಕಳುಹಿಸಬೇಕಾಯಿತು. ಆ ಭಾರ ಅಂದಿನ ನಮ್ಮ ವಾಹನದ ಅಳವಿಗೆ ಮೀರಿತ್ತು. ಉಪಗ್ರಹ ಹಗುರವಾಗಬೇಕಾದರೆ ಇಂಧನ ಇಳಿಯಬೇಕು. ಇಂಧನ ಇಳಿಯಬೇಕಾದರೆ ಎಸೆತದ ವೇಗ ಏರಬೇಕು.

ವಿದ್ಯುತ್ತಿನ ಪ್ರವೇಶವಾಗುವುದು ಇಲ್ಲಿ. ಬಳೆಯಾಕಾರದ ಒಂದು ಓಣಿ. ಅದರೊಳಗೆ ಝೆನಾನ್ ಎಂಬ ಅನಿಲವನ್ನು ಬಿಡುತ್ತಾರೆ. ಕಾಂತಶಕ್ತಿಯ ಬಂಧನದಲ್ಲಿ ಎಲೆಕ್ಟ್ರಾನುಗಳು ಗಾಣದ ಎತ್ತಿನಂತೆ ಅಲ್ಲಿಯೇ ಸುತ್ತುತ್ತಿರುತ್ತವೆ. ಅವು ಬಡಿದಾಗ ಝೆನಾನಿನ ಪರಮಾಣು ತನ್ನದೊಂದು ಎಲೆಕ್ಟ್ರಾನನ್ನು ಕಳೆದುಕೊಂಡು ವಿದ್ಯುದಾವೇಶ ಪಡೆಯುತ್ತದೆ. ಆವೇಶ ಬಂದುದನ್ನು ವಿದ್ಯುತ್ ಕ್ಷೇತ್ರ ಸೆಕೆಂಡಿಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೊರಗೆಸೆಯುತ್ತದೆ. ವಿದ್ಯುತ್ತನ್ನು ಕೊಡುವವನು ಸೂರ್ಯ. ಹೊರಗೆ ಹೋದ ಕಣಗಳ ಹಿಂದೆಯೇ ಕ್ಯಾಥೋಡ್ ಎಂಬ ಅಂಗ ಎಲೆಕ್ಟ್ರಾನುಗಳನ್ನೂ ಕಳುಹಿಸಿ ಲೆಕ್ಕ ಚುಕ್ತಾ ಮಾಡುತ್ತದೆ. ಇಲ್ಲವಾದರೆ ಎಸೆದುದನ್ನು ನೌಕೆಯೇ ಮತ್ತೆ ತನ್ನತ್ತ ಎಳೆದುಕೊಂಡೀತು. ಸೋವಿಯತ್ ವಿಜ್ಞಾನಿಗಳು 1970ರ ದಶಕದ ಆರಂಭದಲ್ಲಿಯೇ ಇದನ್ನು ಹಾರಿಸಿ ನೋಡಿದ್ದರು. ಇದರ ಹೆಸರನ್ನು ಕನ್ನಡಿಸಿದರೆ ‘ಸ್ಥಾವರ ಪ್ಲಾಸ್ಮಾ ನೂಕುಯಂತ್ರ’ ಎಂದಾಗುತ್ತದೆ. ವಚನಗಳನ್ನು ಓದಿದವರಿಗೆ ನಗು ಬಂದೀತು. ಸ್ಥಾವರವಾಗಿರುವುದು ಒಳಗಿನ ಪ್ಲಾಸ್ಮಾ ಮಾತ್ರ. ಯಂತ್ರವಂತೂ ಅಪ್ಪಟ ಜಂಗಮ. ‘ನೋದನ’ ಎಂಬ ಸಂಸ್ಕೃತ ಪದಕ್ಕಿಂತ ನಮ್ಮ ‘ನೂಕು’ ಇಲ್ಲಿ ಲೇಸೆಂದು ನನ್ನ ಅಭಿಪ್ರಾಯ; ದೋಣಿಯವನಿಗೂ ಅದು ತಿಳಿಯುತ್ತದೆ.

ನಮ್ಮ ದೇಶ 2017ರ ಮೇ 5ರಂದು ಕಳುಹಿಸಿದ ಜಿಸ್ಯಾಟ್-9ರಲ್ಲಿ ಇಂಥ ವಿದ್ಯುನ್ನೂಕನ್ನು ಅಳವಡಿಸಿತ್ತು. ಬೆಂಗಳೂರಿನ ತರುಣರ ಬೆಲ್ಲಾಟ್ರಿಕ್ಸ್ ಸಂಸ್ಥೆ ತಾನು ರೂಪಿಸಿದ ಕ್ಯಾಥೋಡನ್ನು 2024ರ ಜನವರಿಯಲ್ಲಿ ಇಸ್ರೋ ವಾಹನದ ಕೊನೆಯ ಹಂತದ ಮೇಲಿರಿಸಿ ಕಕ್ಷೆಯಲ್ಲಿ ಪರೀಕ್ಷಿಸಿತು. 300 ಮಿಲಿನ್ಯೂಟನ್ ಬಲದ ಯಂತ್ರವನ್ನು ಸಾವಿರ ಗಂಟೆಗಳ ಕಾಲ ಓಡಿಸಿ ನೋಡಿದುದಾಗಿ ಇಸ್ರೋ 2025ರ ಮಾರ್ಚಿನಲ್ಲಿ ಪ್ರಕಟಿಸಿತು. ಆ ಬಲವೆಷ್ಟೆಂದರೆ ಅಂಗೈಯ ಮೇಲಿಟ್ಟ ಮೂವತ್ತು ಗ್ರಾಂ ಅಡಕೆಯ ಭಾರದಷ್ಟು. ಇದರಿಂದ ನೆಲ ಬಿಟ್ಟು ಒಂದಂಗುಲವೂ ಏರಲಾಗದು. ಮೇಲೇರಲು ಇಂದಿಗೂ ಬೆಂಕಿಯೇ ಬೇಕು. ಏರಿದ ಮೇಲೂ ಉಪಗ್ರಹ ಈ ಸಣ್ಣ ನೂಕಿನಿಂದ ತನ್ನ ನೆಲೆ ಸೇರಲು ತಿಂಗಳುಗಳೇ ಹಿಡಿಯುತ್ತವೆ. ಝೆನಾನ್ ಗಾಳಿಯಲ್ಲಿ ಅತ್ಯಲ್ಪ, ಬಹು ದುಬಾರಿ. ಅದಕ್ಕಾಗಿಯೇ ಸ್ಟಾರ್‌ಲಿಂಕ್ ಉಪಗ್ರಹಗಳು ಮೊದಲು ಕ್ರಿಪ್ಟಾನಿಗೆ, ಬಳಿಕ ಆರ್ಗಾನಿಗೆ ಇಳಿದವು.

ಇಷ್ಟು ಮೆಲ್ಲನೆಯ ನೂಕಿನಿಂದ ಏನು ಸಾಧ್ಯ? ಅಮೆರಿಕದ ‘ಡಾನ್’ ನೌಕೆಯ ನೂಕು ಇನ್ನೂ ಕಡಿಮೆ. ಒಂದೆರಡು ಹಾಳೆ ಕಾಗದದ ಭಾರದಷ್ಟು. ನಮ್ಮ ಬಸ್ಸಿನ ವೇಗ ಗಳಿಸಲು ಅದಕ್ಕೆ ದಿನಗಳೇ ಬೇಕಾಗಿದ್ದವು. 2007ರಲ್ಲಿ ಹೊರಟ ಅದು 2011ರಲ್ಲಿ ವೆಸ್ಟಾ ಎಂಬ ಕ್ಷುದ್ರಗ್ರಹವನ್ನು ತಲುಪಿ ಸುತ್ತಿತು. ಅಲ್ಲಿಂದ ಬಿಡಿಸಿಕೊಂಡು 2015ರಲ್ಲಿ ಸೆರೆಸ್ ತಲುಪಿ ಅದನ್ನೂ ಸುತ್ತಿತು. ಭೂಮಿಯಾಚೆಯ ಎರಡು ಗೋಳಗಳ ಕಕ್ಷೆಯಲ್ಲಿ ನಿಂತ ಮೊದಲ ನೌಕೆ ಅದು. 2018ರಲ್ಲಿ ಅದು ಮೌನ ತಾಳಿದುದು ಮುಖ ತಿರುಗಿಸಲು ಬಳಸುತ್ತಿದ್ದ ಹಳೆಯ ಬಗೆಯ ಇಂಧನ, ಹೈಡ್ರಜೀನ್, ತೀರಿದ್ದರಿಂದ.

ಏನನ್ನೂ ಎಸೆಯದೆ ಸಾಗುವ ಬಗೆಯೂ ಒಂದುಂಟು. ಬೆಳಕು ತಾಗಿದ ಕನ್ನಡಿಯನ್ನು ಅದು ಅಷ್ಟಿಷ್ಟು ನೂಕುತ್ತದೆ. ಒಂದು ಚದರ ಕಿಲೋಮೀಟರ್ ಕನ್ನಡಿಹಾಳೆಯ ಮೇಲೆ ಬಿಸಿಲು ಒತ್ತುವ ಬಲ ಒಂದು ಕಿಲೋಗ್ರಾಂ ಅಕ್ಕಿಯ ಭಾರಕ್ಕೂ ತುಸು ಕಡಿಮೆ. ಜಪಾನಿನ ‘ಇಕಾರೋಸ್’ 2010ರಲ್ಲಿ ಇಂಥ ಹಾಯಿಯನ್ನು ಬಿಚ್ಚಿತು; ಬಿಸಿಲಿನಿಂದಲೇ ಅದರ ವೇಗ ಬದಲಾಗುವುದನ್ನು ಅಳೆದು ನೋಡಿದರು. ಹಾಯಿಯನ್ನು ಓರೆಯಾಗಿ ಹಿಡಿದರೆ ಕಕ್ಷೆಯ ವೇಗ ತಗ್ಗಿ ನೌಕೆ ಸೂರ್ಯನ ಕಡೆಗೇ ಸರಿಯುತ್ತದೆ. ಇನ್ನೊಂದು ಕಡೆಗೆ ಓರೆ ಮಾಡಿದರೆ ಸೂರ್ಯನಿಂದ ದೂರ ತೆರಳುತ್ತದೆ.