ಹಿಮದಿಂದ ಮೇಲೇಳುವ ಕಷ್ಟ

ದಕ್ಷಿಣ ಧ್ರುವದ ಮಾತು ಬಂದರೆ ಅಲ್ಲಿಗೆ ಮೊದಲು ಹೋದವರಾರು ಎಂದು ಎಲ್ಲರೂ ಕೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ವಾಪಸು ಬರುವ ಪ್ರಶ್ನೆ.

1915ರ ಜನವರಿಯಲ್ಲಿ ಬ್ರಿಟಿಷ್ ಅನ್ವೇಷಕ ಶ್ಯಾಕಲ್ಟನ್ನರ ‘ಎಂಡ್ಯೂರೆನ್ಸ್’ ಹಡಗು ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ತಿಂಗಳುಗಟ್ಟಲೆ ಹಿಂಡಿಸಿಕೊಂಡು ನವೆಂಬರಿನಲ್ಲಿ ಮುಳುಗಿತು. 1929ರಲ್ಲಿ ಅಮೆರಿಕದ ರಿಚರ್ಡ್ ಬರ್ಡ್ ವಿಮಾನದಲ್ಲಿ ಧ್ರುವದ ಮೇಲೆ ಹಾರಿ ಬಂದರು, ಆದರೆ ಇಳಿಯಲಿಲ್ಲ.

ಅಲ್ಲಿ ಮೊದಲ ವಿಮಾನ ಇಳಿದದ್ದು 1956ರ ಅಕ್ಟೋಬರ್ 31ರಂದು. ಅಮೆರಿಕದ ನೌಕಾಪಡೆಯ ಡಕೋಟ. ಪೈಲಟ್ ಕಾನ್ರಾಡ್ ಶಿನ್, ಒಟ್ಟು ಏಳು ಜನ. ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗಿನ ಚಳಿ. ಎಂಜಿನ್‌ಗಳನ್ನು ಆರಿಸದೆ ಓಡುತ್ತಲೇ ಬಿಟ್ಟಿದ್ದರು. 49 ನಿಮಿಷ ಕಳೆದು ಹೊರಡೋಣವೆಂದರೆ ವಿಮಾನ ಕದಲದು. ವಿಮಾನದ ಕಾಲಿಗಿದ್ದ ಜಾರುಪಟ್ಟಿ, ಅಂದರೆ ಸ್ಕೀ, ಜಾರಬೇಕಾದರೆ ಉಜ್ಜಿದ ಬಿಸಿಗೆ ಅದರಡಿಯ ಹಿಮ ಒಂದಿಷ್ಟು ಕರಗಬೇಕು. ಅಂಥ ಚಳಿಯಲ್ಲಿ ಆ ತೇವವೇ ಹುಟ್ಟುವುದಿಲ್ಲ, ಹಿಮ ಮರಳಿನಂತೆ ಹಿಡಿಯುತ್ತದೆ. ಸಾಲದ್ದಕ್ಕೆ, ನಿಂತ ಸ್ಕೀಗಳು ನೆಲಕ್ಕೆ ಅಂಟಿಬಿಟ್ಟಿದ್ದವು. ಶಿನ್ ವಿಮಾನಕ್ಕೆ ಕಟ್ಟಿದ್ದ ರಾಕೆಟ್‌ಗಳಲ್ಲಿ ನಾಲ್ಕನ್ನು ಹೊತ್ತಿಸಿದರು. ಅಲುಗಲಿಲ್ಲ. ಮತ್ತೆ ನಾಲ್ಕು, ಮತ್ತೂ ನಾಲ್ಕು. ಕೊನೆಯ ಮೂರೂ ಸೇರಿ ಹದಿನೈದೂ ಉರಿದಾಗಲೇ ಅದು ತೂರಾಡುತ್ತಾ ಮೇಲೆದ್ದದ್ದು. ಆ ಏಳು ಜನರ ಎದೆಬಡಿತ ಹೇಗಿದ್ದಿರಬೇಕು!

ಅಂಟಾರ್ಕ್ಟಿಕಾಕ್ಕೆ ನಮ್ಮವರ ಮೊದಲ ದಾರಿ ಸಮುದ್ರದ್ದು. ಸಾಗರ ವಿಜ್ಞಾನಿ ಎಸ್.ಝಡ್. ಖಾಸಿಂ ಅವರ ತಂಡ 1981ರ ಡಿಸೆಂಬರ್ 6ರಂದು ಗೋವಾದಿಂದ ಬಾಡಿಗೆಯ ನಾರ್ವೇ ಹಡಗು ‘ಪೋಲಾರ್ ಸರ್ಕಲ್’ನಲ್ಲಿ ಹೊರಟು, ಜನವರಿ 9ರಂದು ಅಂಟಾರ್ಕ್ಟಿಕಾ ತಲುಪಿತು. ಈಗ ಕೇಪ್‌ಟೌನಿನಿಂದ ಹೊರಟ ಇಲ್ಯೂಷಿನ್ ವಿಮಾನ ನಮ್ಮ ಮೈತ್ರಿ ಕೇಂದ್ರದ ಹತ್ತಿರದ ನೀಲಿ ಮಂಜುಗಡ್ಡೆಯ ರನ್‌ವೇಗೆ ಆರು ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತದೆ. ಡೀಸೆಲ್, ದವಸಧಾನ್ಯದಂಥ ಭಾರದ ಸರಕಿಗೆ ಮಾತ್ರ ಇಂದಿಗೂ ಹಡಗೇ ಗತಿ. ಬೇಸಿಗೆ ಮುಗಿದು ಹಡಗು, ವಿಮಾನ ಎರಡೂ ನಿಂತರೆ ಚಳಿಗಾಲಕ್ಕೆ ಉಳಿದವರು ತಿಂಗಳುಗಟ್ಟಲೆ ತಮ್ಮ ಪಾಡಿಗೆ ತಾವು.

ಆ ಹೊತ್ತಿನಲ್ಲಿ ಕಾಯಿಲೆ ಬಿದ್ದರೆ? 2001ರ ಏಪ್ರಿಲ್‌ನಲ್ಲಿ ಧ್ರುವದ ಅಮೆರಿಕನ್ ಕೇಂದ್ರದಲ್ಲಿ ಕಾಯಿಲೆ ಬಿದ್ದವರು ಅಲ್ಲಿದ್ದ ವೈದ್ಯರೇ. ಕೆನಡಾದ ಪುಟ್ಟ ಟ್ವಿನ್ ಆಟರ್ ವಿಮಾನ ಅಂಟಾರ್ಕ್ಟಿಕಾದ ಬ್ರಿಟಿಷ್ ಕೇಂದ್ರ ರೊಥೆರಾದಿಂದ ಸುಮಾರು ಹತ್ತು ಗಂಟೆ ಹಾರಿ, ಕತ್ತಲಲ್ಲಿ ಇಳಿಯಿತು. ಮರಳಿ ಹೊರಡುವಾಗ ಅದರ ಸ್ಕೀಗಳೂ ಹಿಮಕ್ಕೆ ಅಂಟಿದ್ದವು, ಬಿಡಿಸಿಕೊಂಡೇ ಏಳಬೇಕಾಯಿತು. ರೋಗಿಯನ್ನು ಕರೆದೊಯ್ದ ಆ ವಿಮಾನವೇ ಬರುವಾಗ ಬದಲಿ ವೈದ್ಯೆಯೊಬ್ಬರನ್ನು ಕರೆತಂದಿತ್ತು. ಮುಂದಿನ ವಿಮಾನ ಬರುವತನಕ ಆ ಕೇಂದ್ರದ ಅಷ್ಟೂ ಜನರ ಆರೋಗ್ಯ ಅವರ ಕೈಯಲ್ಲಿತ್ತು.