ನೂಲಿನ ಈಚೆಯ ತುದಿ

ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಎಲ್ಲೆಗಳನ್ನು ಹೇಳುವ ಶಾಸನಗಳು ಮೂಡಣ ಎಲ್ಲೆಯಾಗಿ ನಂಗಲಿಯನ್ನು ಹೆಸರಿಸುತ್ತವೆ. ಇಂದಿಗೂ ಅದು ಗಡಿಯೇ. ಮುಳಬಾಗಿಲನ್ನು ದಾಟಿ ಚಿತ್ತೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕರ್ನಾಟಕದ ನೆಲ ಅಲ್ಲಿಗೆ ಮುಗಿಯುತ್ತದೆ. ಇಂಥ ಊರಿನವನು ಭಾರತದ ಫ್ಯಾಷನ್ ಉದ್ಯಮದ ಬೆಳವಣಿಗೆ, ಭವಿಷ್ಯಗಳನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ನಗು ಬಂದೀತು. ಆದರೆ ಉಡುಪಿಗೆ ಎರಡು ತುದಿಗಳಿವೆ. ದೀಪಗಳ ಬೆಳಕಿನಲ್ಲಿ ರೂಪದರ್ಶಿಗಳು ತೊಟ್ಟು ನಡೆಯುವ ತುದಿಯನ್ನು ತಾವೆಲ್ಲ ಬಲ್ಲಿರಿ. ನಾನು ಬಲ್ಲದ್ದು ಈಚೆಯ ತುದಿಯನ್ನು.

ನನ್ನ ಅಕ್ಕ ನಂಗಲಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುವಿಗೆ ನಾಲ್ಕು ಜ್ವರಗಳು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಮ್ಮವರಿಟ್ಟ ಹೆಸರು ಅದು. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನೆಂಟರು ಬಂದರೂ ಅವರ ಕೈಗೊಂದು ಸೊಪ್ಪಿನ ಬುಟ್ಟಿ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಶಿಡ್ಲಘಟ್ಟದ ಹರಾಜಿಗೆ ಒಯ್ಯಬೇಕು. ಒಂದು ಕಿಲೋ ನೂಲು ಬಿಚ್ಚಲು ಆರೇಳು ಕಿಲೋ ಗೂಡಾದರೂ ಬೇಕು.

ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ನೆಲೆ ಒದಗಿಸಿದವನು ಟಿಪ್ಪು ಸುಲ್ತಾನ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪಿಸಿದರು. ಫ್ಯಾಷನ್ ಎಂಬುದು ಕಾಲೇಜಿನಲ್ಲಿ ಕಲಿಯುವ ವಿದ್ಯೆಯಾದದ್ದು ಬಹಳ ತಡವಾಗಿ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ದೆಹಲಿಯಲ್ಲಿ 1986ರಲ್ಲಿ ಆರಂಭವಾಗಿ, 1997ರಲ್ಲಿ ಬೆಂಗಳೂರಿಗೆ ಬಂದಿತು. 2000ದಲ್ಲಿ ದೆಹಲಿಯಲ್ಲಿ ದೇಶದ ಮೊದಲ ಫ್ಯಾಷನ್ ಸಪ್ತಾಹ ನಡೆಯಿತು. 2005ರ ಆರಂಭದಲ್ಲಿ ಸಿದ್ಧ ಉಡುಪಿನ ರಫ್ತಿಗಿದ್ದ ಅಂತರರಾಷ್ಟ್ರೀಯ ಕೋಟಾ ಕಟ್ಟಳೆ ಕೊನೆಗೊಂಡಿತು. ಬೆಳವಣಿಗೆಯ ಕಥೆಯನ್ನು ಸಾಮಾನ್ಯವಾಗಿ ಹೀಗೆಯೇ ಹೇಳುತ್ತಾರೆ, ಸುಳ್ಳಲ್ಲ.

ನಮ್ಮ ಮನೆಯ ಕಥೆ ಬೇರೆ. 2011ರ ಕೇಂದ್ರ ಮುಂಗಡಪತ್ರ ಹೊರನಾಡಿನ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ನೂಲು ಅಗ್ಗವಾದರೆ ನೇಕಾರನಿಗೆ ಅನುಕೂಲವೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಗೂಡಿನ ಬೆಲೆ ಮಾತ್ರ ಕುಸಿಯಿತು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸುವ ಹೊತ್ತಿಗೆ ಅಕ್ಕ ಹಿಪ್ಪುನೇರಳೆ ತೋಟವನ್ನು ಕೀಳಿಸಿ ಟೊಮೆಟೊ ಹಾಕಿದ್ದಳು. ಮಗಳು ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಸೇರಿದ್ದಳು.

ಅಲ್ಲಿ ಒಬ್ಬಳು ಒಂದು ಅಂಗಿಯನ್ನು ಹೊಲಿಯುವುದಿಲ್ಲ. ಒಬ್ಬಳದು ಕಾಲರು, ಇನ್ನೊಬ್ಬಳದು ತೋಳು. ನಮ್ಮ ಹುಡುಗಿಯದು ಕಫ್. ಗಂಟೆಗೆ ಇಂತಿಷ್ಟೆಂಬ ಲೆಕ್ಕ. 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯ ಹಣವನ್ನು ಪೂರ್ತಿಯಾಗಿ ಹಿಂಪಡೆಯಲು 58 ವರ್ಷ ತುಂಬಬೇಕೆಂಬ ಹೊಸ ನಿಯಮದ ವಿರುದ್ಧ ಸಾವಿರಾರು ಹೆಂಗಸರು ಹೊಸೂರು ರಸ್ತೆಗಿಳಿದಾಗ ಅವಳೂ ಅವರಲ್ಲಿದ್ದಳು. ಆ ವಯಸ್ಸಿನವರೆಗೆ ಆ ಯಂತ್ರದ ಮುಂದೆ ಯಾರು ಕುಳಿತಿರುತ್ತಾರೆ? ಎರಡೇ ದಿನಗಳಲ್ಲಿ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಉಡುಪಿನ ಉದ್ಯಮದಲ್ಲಿ ಎಷ್ಟು ಜನರಿದ್ದಾರೆಂಬುದು ನಗರದ ಹಲವರಿಗೆ ತಿಳಿದದ್ದೇ ಆ ದಿನ, ವಾಹನಗಳು ನಿಂತುಹೋದಾಗ.

ಭವಿಷ್ಯವೇನು ಎಂದು ಕೇಳುತ್ತೀರಿ. ಕೊಳ್ಳುವವರ ಚಿಂತೆ ನನಗಿಲ್ಲ. ನಮ್ಮ ಮದುವೆಗಳೇ ಈ ಉದ್ಯಮವನ್ನು ಸಾಕಬಲ್ಲವು. ನನ್ನ ಚಿಂತೆ ಒಂದು ದಾರಿಯದು. ಬೆಂಗಳೂರಿನ ಫ್ಯಾಷನ್ ಸಂಸ್ಥೆ ಇರುವುದು ಎಚ್ಎಸ್ಆರ್ ಬಡಾವಣೆಯಲ್ಲಿ. ಬೊಮ್ಮನಹಳ್ಳಿ ಅದರ ಮಗ್ಗುಲಲ್ಲೇ. ಆದರೆ ಕಫ್ ಹೊಲಿಯುವವಳು ಅಂಗಿಯನ್ನು ಕತ್ತರಿಸುವವಳಾಗಿ, ರೂಪಿಸುವವಳಾಗಿ ಆ ಬಾಗಿಲನ್ನು ತಲಪುವ ದಾರಿ ನನಗಂತೂ ಕಂಡಿಲ್ಲ. ಅಲ್ಲಿ ಕಲಿಯುವ ಮಕ್ಕಳು ಒಂದು ಬೆಳೆಯ ಅವಧಿಯಾದರೂ ಹುಳುಮನೆಯಲ್ಲಿ ರಾತ್ರಿ ಸೊಪ್ಪು ಹಾಕಲಿ. ಸಂಜೆಯ ತರಗತಿಗಳಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಜಾಗ ಸಿಗಲಿ. ಇದಕ್ಕೆ ದೊಡ್ಡ ಹಣವೇನೂ ಬೇಡ.

ಹೋದ ಯುಗಾದಿಗೆ ಬಂದವಳು ನನ್ನ ಹೊಸ ಅಂಗಿಯ ತೋಳನ್ನು ಹಿಡಿದು ಒಳಮಗ್ಗುಲು ತಿರುಗಿಸಿ ನೋಡಿದಳು. “ಮಾವ, ಇದು ಪಳಗಿದ ಕೈ. ಯಾರೋ ಏನೋ,” ಎಂದಳು. ಅಂಗಿಯ ಚೀಟಿಯಲ್ಲಿ ಕಂಪನಿಯ ಹೆಸರಿತ್ತು, ದೇಶದ ಹೆಸರಿತ್ತು.

ಅಕ್ಕ ಈ ವರ್ಷ ಅರ್ಧ ಎಕರೆಗೆ ಮತ್ತೆ ಹಿಪ್ಪುನೇರಳೆ ಕಡ್ಡಿ ನೆಡಿಸಿದ್ದಾಳೆ. ಗೂಡು ಕಟ್ಟುವ ಹೊತ್ತಿಗೆ ಬೆಲೆ ಹೇಗಿದ್ದೀತು ಎಂದು ನನ್ನನ್ನೇ ಕೇಳಿದಳು, ಬೆಂಗಳೂರಿನಲ್ಲಿರುವವನಿಗೆ ತಿಳಿದಿರುತ್ತದೆಂದು.