ಮೆದುಳಿನ ಧಮನಿಗಳು ಕಿರಿದಾಗುವುದು: ರಕ್ತಪರೀಕ್ಷೆ ಹೇಳುವುದೇನು, ಹೇಳದಿರುವುದೇನು?



ಹುಟ್ಟೂರಿನಿಂದ ದೂರ ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂತಹ ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವ ಪರಿಪಾಠವನ್ನು ಇಟ್ಟುಕೊಂಡಿದ್ದಾರೆ. ಇದು ಒಳ್ಳೆಯ ಅಭ್ಯಾಸವೇ ಸರಿ. ಪ್ರಯೋಗಾಲಯದಿಂದ ಬರುವ ವರದಿಯಲ್ಲಿ ಸಕ್ಕರೆ, ಕೊಲೆಸ್ಟರಾಲ್‌ಗಳ ಜೊತೆಗೆ ‘ಸಿ.ಆರ್.ಪಿ.’, ‘ಇ.ಎಸ್.ಆರ್.’ ಎಂಬ ಅಂಕಿಗಳೂ ಇರುವುದುಂಟು. ಅಂಕಿ ಹೆಚ್ಚಿದ್ದರೆ ಮನೆಯವರಿಗೆಲ್ಲ ದಿಗಿಲು. ಕಡಿಮೆಯಿದ್ದರೆ ಎಲ್ಲವೂ ಕ್ಷೇಮವೆಂಬ ನಿಶ್ಚಿಂತೆ. ಇವೆರಡೂ ಸರಿಯಲ್ಲ. ಎರಡನೆಯದಂತೂ ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ತರಬಲ್ಲುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಐವತ್ತೆರಡು ವರ್ಷದ ಗೃಹಸ್ಥರೊಬ್ಬರು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಲೋಟ ಬಲಗೈಯಿಂದ ಜಾರುತ್ತದೆ. ಹೆಂಡತಿಯೊಡನೆ ಏನೋ ಹೇಳಹೊರಟರೆ ನಾಲಿಗೆ ತೊದಲುತ್ತದೆ. ಹತ್ತು ನಿಮಿಷಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. “ಹೋದ ವಾರವಷ್ಟೇ ರಕ್ತಪರೀಕ್ಷೆಯಾಗಿದೆ, ಎಲ್ಲ ಸರಿಯಾಗಿದೆ” ಎಂದು ಅವರು ಕಚೇರಿಗೆ ಹೊರಟುಹೋಗುತ್ತಾರೆ. ಅವರು ಮಾಡಿದ ತಪ್ಪೇನು? ಇದನ್ನು ತಿಳಿಯಬೇಕಾದರೆ ಮೆದುಳಿನ ರಕ್ತನಾಳಗಳ ಸ್ವರೂಪವನ್ನೂ ಉರಿಯೂತವೆಂದರೆ ಏನೆಂಬುದನ್ನೂ ಸ್ವಲ್ಪ ಅರಿಯಬೇಕು.

ನಮ್ಮ ಮೆದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅದೊಂದೇ ಬಳಸುತ್ತದೆ. ಇದಕ್ಕಾಗಿ ಕತ್ತಿನ ಮೂಲಕ ನಾಲ್ಕು ಧಮನಿಗಳು ಮೇಲೇರಿ, ಮೆದುಳಿನ ತಳದಲ್ಲಿ ಒಂದು ಬಳೆಯಾಕಾರದ ಜೋಡಣೆಯಲ್ಲಿ ಸೇರುತ್ತವೆ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವಿವರವಾಗಿ ವರ್ಣಿಸಿದುದರಿಂದ ಇದಕ್ಕೆ ‘ವಿಲ್ಲಿಸ್ ವರ್ತುಲ’ ಎಂದೇ ಹೆಸರಾಗಿದೆ. ಇಲ್ಲಿಂದ ಹೊರಡುವ ಮಧ್ಯ ಮೆದುಳು ಧಮನಿಯ ಒಳವ್ಯಾಸ ಸುಮಾರು 3 ಮಿಲಿಮೀಟರ್. ಇಂತಹ ಸಣ್ಣ ಕೊಳವೆಯೊಳಗೆ ಕೊಬ್ಬು ಶೇಖರವಾದರೆ ದಾರಿ ಬೇಗನೆ ಇಕ್ಕಟ್ಟಾಗುವುದು ಸಹಜ. ಪಾಶ್ಚಾತ್ಯರಲ್ಲಿ ಕತ್ತಿನ ಧಮನಿಗಳು ಕಿರಿದಾಗುವುದು ಹೆಚ್ಚು. ಭಾರತವೂ ಸೇರಿದಂತೆ ಏಷ್ಯಾದ ಜನರಲ್ಲಿ ತಲೆಬುರುಡೆಯ ಒಳಗಿನ ಧಮನಿಗಳು ಕಿರಿದಾಗುವುದು ಅವರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಆದ್ದರಿಂದ ಈ ವಿಷಯ ನಮಗೆ ತೀರ ಹತ್ತಿರದ್ದು.

ಇನ್ನು ಉರಿಯೂತದ ವಿಚಾರ. ಬೆರಳಿಗೆ ಮುಳ್ಳು ಚುಚ್ಚಿದಾಗ ಆ ಭಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ನಾವೆಲ್ಲ ಬಲ್ಲೆವು. ಇದು ದೇಹದ ರಕ್ಷಣಾಕ್ರಮ. ಇದೇ ಬಗೆಯ ಕ್ರಿಯೆ ಧಮನಿಯ ಗೋಡೆಯಲ್ಲಿ, ನೋವಿಲ್ಲದೆ, ವರ್ಷಗಟ್ಟಲೆ ನಡೆಯುವುದುಂಟು. ಅಧಿಕ ರಕ್ತದೊತ್ತಡ, ಮಧುಮೇಹ, ತಂಬಾಕಿನ ಸೇವನೆಗಳಿಂದ ಧಮನಿಯ ಒಳಪದರಕ್ಕೆ ಹಾನಿಯಾಗುತ್ತದೆ. ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಗೋಡೆಯೊಳಗೆ ನುಸುಳುತ್ತದೆ. ಅದನ್ನು ತೆಗೆದುಹಾಕಲು ಬಿಳಿಯ ರಕ್ತಕಣಗಳು ಧಾವಿಸಿ ಬಂದು, ಕೊಬ್ಬನ್ನು ನುಂಗಿ, ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಹೀಗೆ ಬೆಳೆದ ಗಡ್ಡೆಯು ದಾರಿಯನ್ನು ಕಿರಿದುಗೊಳಿಸುತ್ತದೆ. ಉರಿಯೂತ ಪ್ರಬಲವಾದಲ್ಲಿ ಗಡ್ಡೆಯ ಮೇಲಿನ ಹೊದಿಕೆ ಸವೆದು ಒಡೆಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಧಮನಿ ಮುಚ್ಚುತ್ತದೆ, ಇಲ್ಲವೇ ಹೆಪ್ಪಿನ ಚೂರು ಮುಂದಕ್ಕೆ ಸಾಗಿ ಸಣ್ಣ ಕವಲನ್ನು ಮುಚ್ಚುತ್ತದೆ. ಇದೇ ಪಾರ್ಶ್ವವಾಯು.

ಈ ಒಳ ಉರಿಯ ಸುಳಿವು ರಕ್ತದಲ್ಲಿ ದೊರೆಯಬಹುದೇ? ದೊರೆಯುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತುವನ್ನು ಗುರುತಿಸಿದರು. ಆ ರೋಗದ ಕೀಟಾಣುವಿನಲ್ಲಿರುವ ‘ಸಿ’ ಎಂಬ ಅಂಶದೊಡನೆ ಅದು ವರ್ತಿಸುತ್ತಿದ್ದುದರಿಂದ ಅದಕ್ಕೆ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿ.ಆರ್.ಪಿ. ಎಂಬ ಹೆಸರು ಬಂದಿತು. ದೇಹದಲ್ಲಿ ಎಲ್ಲಿಯೇ ಉರಿಯೂತವಾಗಲಿ, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ದೂತನ ಮೂಲಕ ಪಿತ್ತಜನಕಾಂಗಕ್ಕೆ ಸುದ್ದಿ ಮುಟ್ಟಿ, ಅದು ಸಿ.ಆರ್.ಪಿ.ಯನ್ನು ಹೆಚ್ಚಾಗಿ ತಯಾರಿಸುತ್ತದೆ. ಇ.ಎಸ್.ಆರ್. ಎಂಬುದು ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆಂಬ ಹಳೆಯ ಪರೀಕ್ಷೆ. ರಕ್ತಹೀನತೆ, ಗರ್ಭಧಾರಣೆ, ವಯಸ್ಸು ಇವುಗಳಿಂದಲೂ ಅದು ಏರುವುದರಿಂದ ಧಮನಿಗಳ ವಿಷಯದಲ್ಲಿ ಅದರ ಮಾತನ್ನು ನೆಚ್ಚುವಂತಿಲ್ಲ.

ಧಮನಿಯ ಮಂದ ಉರಿಯೂತವನ್ನು ಅಳೆಯಲು ಅತಿಸೂಕ್ಷ್ಮ ಸಿ.ಆರ್.ಪಿ. ಪರೀಕ್ಷೆ ಇದೆ. ಇದು ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಹೃದಯ ಹಾಗೂ ರಕ್ತನಾಳಗಳ ಅಪಾಯ ಕಡಿಮೆ, 1ರಿಂದ 3ರವರೆಗೆ ಮಧ್ಯಮ, 3ಕ್ಕಿಂತ ಮೇಲಿದ್ದರೆ ಹೆಚ್ಚು ಎಂದು 2003ರಲ್ಲಿ ಅಮೆರಿಕದ ತಜ್ಞರು ವಿಂಗಡಿಸಿದರು. 10ನ್ನು ದಾಟಿದರೆ ಮೊದಲು ಸೋಂಕು ಅಥವಾ ಬೇರೆ ಕಾಯಿಲೆಯನ್ನು ಹುಡುಕಬೇಕು. ಕೆಲವು ಪ್ರಯೋಗಾಲಯಗಳು ಡೆಸಿಲೀಟರ್ ಲೆಕ್ಕದಲ್ಲಿ ವರದಿ ನೀಡುತ್ತವೆ. ಆಗ 1 ಎಂಬ ಅಂಕಿಗೆ ಲೀಟರಿನ ಲೆಕ್ಕದಲ್ಲಿ 10 ಎಂದರ್ಥ. ಅಂಕಿಯ ಮುಂದಿರುವ ಮಾನವನ್ನು ತಪ್ಪದೆ ಗಮನಿಸಬೇಕು.

2003ರಲ್ಲಿಯೇ ಸ್ಪೇನ್ ದೇಶದ ಬಾರ್ಸಿಲೋನಾದ ವೈದ್ಯರು, ಮೆದುಳಿನ ಧಮನಿ ಕಿರಿದಾಗಿ ಒಮ್ಮೆ ತೊಂದರೆಗೊಳಗಾದವರ ಪೈಕಿ ಸಿ.ಆರ್.ಪಿ. ಹೆಚ್ಚಿದ್ದವರಿಗೆ ಮತ್ತೆ ಆಘಾತವಾಗುವ ಸಂಭವ ಅಧಿಕವೆಂದು ವರದಿ ಮಾಡಿದರು. 2008ರಲ್ಲಿ ಪ್ರಕಟವಾದ ‘ಜುಪಿಟರ್’ ಅಧ್ಯಯನದಲ್ಲಿ, ಕೊಲೆಸ್ಟರಾಲ್ ಹೆಚ್ಚಿಲ್ಲದಿದ್ದರೂ ಸಿ.ಆರ್.ಪಿ. 2 ಅಥವಾ ಅದಕ್ಕಿಂತ ಮೇಲಿದ್ದ 17,802 ಜನರಲ್ಲಿ, ಸ್ಟ್ಯಾಟಿನ್ ಔಷಧಿ ಪಡೆದವರಿಗೆ ಪಾರ್ಶ್ವವಾಯುವಿನ ಪ್ರಮಾಣ ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಹಾಗೆಂದು ಉರಿಯೂತವನ್ನು ಮಾತ್ರ ತಣಿಸಿದರೆ ಸಾಕೆಂದು ತಿಳಿಯಬಾರದು. ಜುಪಿಟರ್‌ನ ಔಷಧಿ ಕೊಲೆಸ್ಟರಾಲನ್ನೂ ಬಹಳವಾಗಿ ಇಳಿಸಿತ್ತು. 2024ರಲ್ಲಿ ಚೀನಾದಲ್ಲಿ ಸಿ.ಆರ್.ಪಿ. ಹೆಚ್ಚಿದ್ದ 8,343 ರೋಗಿಗಳಿಗೆ, ಪಾರ್ಶ್ವವಾಯು ಅಥವಾ ಅದರ ಮುನ್ಸೂಚನೆ ಕಂಡ ಬಳಿಕ, ಉರಿಯೂತ ತಗ್ಗಿಸುವ ಕಾಲ್ಚಿಸಿನ್ ಔಷಧಿಯನ್ನಾಗಲೀ ಹುಸಿಮಾತ್ರೆಯನ್ನಾಗಲೀ ಕೊಟ್ಟು ತೊಂಬತ್ತು ದಿನ ಹೋಲಿಸಿ ನೋಡಿದಾಗ, ಔಷಧಿಯಿಂದ ಮರು ಆಘಾತ ತಗ್ಗಲಿಲ್ಲ.

ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದು ನಮ್ಮ ಪ್ರಾಚೀನ ತರ್ಕಶಾಸ್ತ್ರವು ಹೇಳುತ್ತದೆ. ಆದರೆ ಊರಾಚೆ ನಿಂತು ಹೊಗೆಯನ್ನು ಕಂಡವನಿಗೆ, ಅದು ಅಡುಗೆಯ ಒಲೆಯದೋ, ಬಣವೆಗೆ ಬಿದ್ದ ಬೆಂಕಿಯದೋ ಎಂದು ತಿಳಿಯದು. ಸಿ.ಆರ್.ಪಿ. ಅಂತಹ ಹೊಗೆ. ನೆಗಡಿ, ಜ್ವರ, ವಸಡಿನ ರೋಗ, ಕೀಲುವಾತ, ಬೊಜ್ಜು, ಧೂಮಪಾನ ಇವೆಲ್ಲವೂ ಅದನ್ನು ಏರಿಸುತ್ತವೆ. ಪಾರ್ಶ್ವವಾಯುವೇ ಅದನ್ನು ಏರಿಸುವುದೂ ಉಂಟು. ಆದ್ದರಿಂದ ಒಂದೇ ವರದಿಯನ್ನು ನಂಬದೆ, ಆರೋಗ್ಯವಾಗಿರುವಾಗ ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸುವುದು ಸೂಕ್ತ. ಇನ್ನೊಂದೆಡೆ, ಹೊಗೆ ಕಾಣದ ಮಾತ್ರಕ್ಕೆ ಧಮನಿ ಶುಭ್ರವೆಂದು ಹೇಳಲಾಗದು. ಧಮನಿ ಕಿರಿದಾಗಿದೆಯೇ, ಎಷ್ಟು ಕಿರಿದಾಗಿದೆ ಎಂಬುದನ್ನು ತಿಳಿಸುವುದು ಎಂ.ಆರ್. ಅಥವಾ ಸಿ.ಟಿ. ಆಂಜಿಯೋಗ್ರಫಿ, ತಲೆಬುರುಡೆಯ ಮೂಲಕ ಮಾಡುವ ಡಾಪ್ಲರ್ ಮುಂತಾದ ಪರೀಕ್ಷೆಗಳು, ರಕ್ತದ ಹನಿಯಲ್ಲ.

ಈಗ ನಮ್ಮ ಗೃಹಸ್ಥರ ವಿಷಯಕ್ಕೆ ಬರೋಣ. ಹತ್ತು ನಿಮಿಷ ಅವರ ಕೈ ಸೋತುದು ಮೆದುಳಿನ ಒಂದು ಭಾಗಕ್ಕೆ ರಕ್ತ ತಾತ್ಕಾಲಿಕವಾಗಿ ನಿಂತುದರ ಲಕ್ಷಣ. ವೈದ್ಯರು ಇದನ್ನು ಟಿ.ಐ.ಎ. ಎನ್ನುತ್ತಾರೆ. ಇದರ ಬೆನ್ನಲ್ಲೇ ಬರುವ ದೊಡ್ಡ ಆಘಾತಗಳಲ್ಲಿ ಬಹಳಷ್ಟು ಮೊದಲ ಎರಡು ದಿನಗಳಲ್ಲೇ ಸಂಭವಿಸುತ್ತವೆ. ಅವರು ಕಚೇರಿಗಲ್ಲ, ಆಸ್ಪತ್ರೆಗೆ ಹೋಗಬೇಕಿತ್ತು. ವರದಿಯ ಅಂಕಿ ಅವರನ್ನು ತಡೆಯಬಾರದಿತ್ತು.

ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಹಠಾತ್ತನೆ ಕಣ್ಣು ಮಂಜಾಗುವುದು, ಸಮತೋಲ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ, ತಾನಾಗಿಯೇ ಸರಿಹೋದರೂ, ಕೂಡಲೇ 112 ಅಥವಾ 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಲಕ್ಷಣ ಆರಂಭವಾದ ಹೊತ್ತನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಪರಭಾಷಾ ಪ್ರದೇಶದಲ್ಲಿ ಮಾತು ಕಳೆದುಕೊಂಡ ರೋಗಿಯ ಪರವಾಗಿ ಹೇಳಬೇಕಾದವರು ಮನೆಯವರೇ ಅಲ್ಲವೇ? ಮನೆಯಲ್ಲಿ ಆಸ್ಪಿರಿನ್ ಮಾತ್ರೆಯನ್ನಾಗಲೀ ನೀರನ್ನಾಗಲೀ ಕೊಡಬಾರದು. ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಆಸ್ಪಿರಿನ್ ಕೇಡು ಮಾಡುತ್ತದೆ; ನುಂಗಲಾಗದವರಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಮೆದುಳಿನ ಧಮನಿ ಕಿರಿದಾಗಿದೆಯೆಂದು ತಿಳಿದವರೂ ಧೈರ್ಯಗೆಡಬೇಕಾಗಿಲ್ಲ. 2011ರಲ್ಲಿ ಪ್ರಕಟವಾದ ‘ಸ್ಯಾಂಪ್ರಿಸ್’ ಅಧ್ಯಯನದಲ್ಲಿ, ಧಮನಿ ಶೇಕಡಾ 70ರಿಂದ 99ರಷ್ಟು ಕಿರಿದಾಗಿದ್ದ 451 ರೋಗಿಗಳನ್ನು ಗಮನಿಸಲಾಯಿತು. ಔಷಧಿಗಳ ಜೊತೆಗೆ ಸ್ಟೆಂಟ್ ಅಳವಡಿಸಿದವರಲ್ಲಿ ಮೂವತ್ತು ದಿನಗಳೊಳಗೆ ಶೇಕಡಾ 14.7 ಮಂದಿ ಪಾರ್ಶ್ವವಾಯು ಅಥವಾ ಮರಣಕ್ಕೆ ತುತ್ತಾದರು. ಔಷಧಿ ಹಾಗೂ ಜೀವನಕ್ರಮದ ಕಟ್ಟುನಿಟ್ಟಿನ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ ಶೇಕಡಾ 5.8 ಮಾತ್ರ. ರಕ್ತದೊತ್ತಡದ ನಿಯಂತ್ರಣ, ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ, ಸಕ್ಕರೆಯ ಹಿಡಿತ, ತಂಬಾಕಿನ ತ್ಯಾಗ, ನಿತ್ಯದ ನಡಿಗೆ ಇವೇ ಆ ಚಿಕಿತ್ಸೆಯ ಸಾರ. ಈ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಆರಂಭಿಸಲೂ ಬಾರದು, ನಿಲ್ಲಿಸಲೂ ಬಾರದು. ಮೂವತ್ತು ವರ್ಷ ಮೀರಿದವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಬಂಧುಗಳೇ, ರಕ್ತದ ವರದಿ ನಮ್ಮ ವೈದ್ಯರಿಗೆ ನೆರವಾಗುವ ಒಂದು ಸಾಕ್ಷಿ, ಅದೇ ತೀರ್ಪಲ್ಲ. ಸಿ.ಆರ್.ಪಿ. ಹೆಚ್ಚಿದ್ದರೆ ಕಾರಣ ಹುಡುಕೋಣ, ಕಂಗೆಡುವುದು ಬೇಡ. ಕಡಿಮೆಯಿದ್ದರೆ ಸಂತೋಷಪಡೋಣ, ಮೈಮರೆಯುವುದು ಬೇಡ. ಕೈಯಿಂದ ಲೋಟ ಜಾರಿದ ದಿನ ವರದಿಯ ಹಾಳೆಯನ್ನು ಮಡಿಸಿಟ್ಟು ಆಸ್ಪತ್ರೆಯ ದಾರಿ ಹಿಡಿಯೋಣ.